ನಾಲ್ಕು ಕುಟುಂಬ, ಏಳು ಮಕ್ಕಳು, ನಾಲ್ಕು ದಿನ: ಮಲೆನಾಡಿನಲ್ಲಿ ಸಾಹಸದ ಪ್ರವಾಸ ಹೇಗೆ ಹಾಕಿಕೊಳ್ಳಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆಂಗಳೂರಿನಿಂದ ನಾಲ್ಕು ಕುಟುಂಬ, ಎಂಟು ಜನ ದೊಡ್ಡವರು, 5ರಿಂದ 12 ವರ್ಷದ ಏಳು ಮಕ್ಕಳು. ಪಟ್ಟಿಯಲ್ಲಿ ಸಕ್ರೆಬೈಲು, ಕವಲೇದುರ್ಗ, ಆಗುಂಬೆ, ಕೊಡಚಾದ್ರಿ, ಸಿಗಂದೂರು, ಹೊನ್ನೆಮರಡು, ಜೋಗ. ಮಕ್ಕಳಿಗೆ ಸಾಹಸವೂ ಅನಿಸಬೇಕು, ಅಪಾಯವೂ ಆಗಬಾರದು ಅಂದಿದ್ದೀರಿ. ಮಾರಾಯ್ರೆ, ಈ ಪಟ್ಟಿ ಹಿಡಿದು ಹೊರಟರೆ ನಾಲ್ಕು ದಿನವೂ ಮಕ್ಕಳು ನೋಡುವುದು ಗಾಡಿಯ ಕಿಟಕಿ ಮಾತ್ರ. ಅದರ ಜೊತೆಗೆ ವಾಂತಿಯ ಕವರು.

ನಾನು ತೀರ್ಥಹಳ್ಳಿ ಕಡೆಯವಳು. ಟೂರ್ ಕಂಪನಿಯವಳಲ್ಲ. ಅಕ್ಕಂದಿರ ಮಕ್ಕಳು, ಗೆಳತಿಯರ ಮಕ್ಕಳು ರಜೆಗೆ ಬಂದಾಗ ಕರೆದುಕೊಂಡು ಹೋಗಿ ಹೋಗಿ ಅಭ್ಯಾಸವಾದದ್ದು. ಮೊದಲ ಸಲ ನಾನೂ ನಿಮ್ಮ ಹಾಗೆಯೇ ಪಟ್ಟಿ ಮಾಡಿದ್ದೆ. ಡಿಸೆಂಬರ್ ತಿಂಗಳು, ಐದು ಮಕ್ಕಳನ್ನು ಕಟ್ಟಿಕೊಂಡು ಕೊಡಚಾದ್ರಿ. ಬೆಳಿಗ್ಗೆ ಎಂಟಕ್ಕೆ ಹೊರಡಬೇಕಾದವರು ಕಡುಬು, ಚಟ್ನಿ, ಮತ್ತೊಂದು ರೌಂಡ್ ಕಾಫಿ ಅಂತ ಹನ್ನೊಂದೂವರೆ ಮಾಡಿದೆವು. ಜೀಪಿನಲ್ಲಿ ಮೇಲೆ ಹೋದೆವು. ಬರುವಾಗ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆದು ಇಳಿಯೋಣ ಎಂದವಳು ನಾನೇ. ಆ ದಾರಿಯಲ್ಲಿ ನೀರಿಳಿಯುವ ಬಂಡೆಗಳ ಪಕ್ಕದಲ್ಲೇ ಕೈಕಾಲು ಊರಿ ಇಳಿಯಬೇಕು. ಊರಿನಲ್ಲಿ ಆರು ಗಂಟೆಗೆ ಇನ್ನೂ ಬೆಳಕಿರುತ್ತದೆ, ಕಾಡಿನೊಳಗೆ ಐದೂವರೆಗೇ ಕತ್ತಲೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆರು ವರ್ಷದ ಅಕ್ಕನ ಮಗಳನ್ನು ಭಾವ ಬೆನ್ನ ಮೇಲೆ ಹೊತ್ತು, ಉಳಿದವರು ಮೊಬೈಲ್ ಬೆಳಕಿನಲ್ಲಿ ಕೂತು ಕೂತು ಇಳಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅಲ್ಲಿಂದೀಚೆಗೆ ನನ್ನದು ಒಂದೇ ಹಟ. ಒಂದೇ ಮನೆಯಲ್ಲಿ ಠಿಕಾಣಿ, ದಿನಕ್ಕೆ ಒಂದೇ ದೊಡ್ಡ ಕೆಲಸ, ಅದೂ ಬೆಳಗಿನ ಹೊತ್ತು. ಮಧ್ಯಾಹ್ನದ ಮೇಲೆ ಏನೂ ಇಟ್ಟುಕೊಳ್ಳುವುದಿಲ್ಲ. ಆ ಖಾಲಿ ಮಧ್ಯಾಹ್ನ ಇದೆಯಲ್ಲ, ತೋಟದ ಹಳ್ಳಕ್ಕೆ ಕಲ್ಲು ಒಟ್ಟಿ ಕಟ್ಟೆ ಕಟ್ಟುವುದು, ಏಡಿ ಹುಡುಕುವುದು, ಕೊಟ್ಟಿಗೆಯ ಕರುವಿಗೆ ಹುಲ್ಲು ಹಾಕುವುದು, ಮಕ್ಕಳ ಪಾಲಿಗೆ ನಿಜವಾದ ಸಾಹಸ ಅಲ್ಲೇ ನಡೆಯುತ್ತದೆ. ಬೆಟ್ಟದ ತುದಿಯ ಮೇಲೆ ನಿಂತು ಫೋಟೋ ಬೇಕಾಗಿರುವುದು ನಮಗೆ.

ಹಾಗಾಗಿ ಮೊದಲು ಪಟ್ಟಿಯನ್ನು ಎರಡು ಮಾಡಿ. ಜೋಗ, ಸಿಗಂದೂರು, ಹೊನ್ನೆಮರಡು ಸಾಗರದ ಕಡೆಯವು. ಸಕ್ರೆಬೈಲು, ಕವಲೇದುರ್ಗ, ಆಗುಂಬೆ ತೀರ್ಥಹಳ್ಳಿ ಕಡೆಯವು. ಕೊಡಚಾದ್ರಿ ಇವೆರಡರ ನಡುವೆ ಹೊಸನಗರ ತಾಲೂಕಿನಲ್ಲಿದೆ. ನಕ್ಷೆಯಲ್ಲಿ ಎಲ್ಲ ಹತ್ತಿರ ಕಾಣುತ್ತದೆ, ಆದರೆ ನಮ್ಮ ರಸ್ತೆಗಳ ತಿರುವುಗಳಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ಸಾಗಿದರೆ ಅದೇ ಪುಣ್ಯ. ನಾಲ್ಕು ದಿನಕ್ಕೆ ಒಂದು ಕಡೆ ಸಾಕು. ಐದು ವರ್ಷದ ಮಗು ಇರುವುದರಿಂದ ನಿಮಗೆ ತೀರ್ಥಹಳ್ಳಿ ಕಡೆಯನ್ನೇ ಹೇಳುತ್ತೇನೆ. ಜೋಗ ನೋಡದೆ ಬಂದಿರಾ ಅಂತ ಯಾರಾದರೂ ಕೇಳುತ್ತಾರೆ, ಕೇಳಲಿ. ಸಿಗಂದೂರಿಗೆ ಮಕ್ಕಳ ಆಸೆ ಗಾಡಿಗಳನ್ನೂ ಹೊತ್ತು ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಮೇಲೆ ಇದ್ದಿರಬಹುದು. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಗಿ, ಈಗ ಗಾಡಿಯೇ ನೇರ ದಾಟುತ್ತದೆ.

ಯಾವಾಗ ಬರುತ್ತೀರಿ ಎಂದು ಬರೆದಿಲ್ಲ. ಎಲ್ಲಿಗೆ ಅನ್ನುವುದಕ್ಕಿಂತ ಇದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ ಅಂದರೆ ಮಳೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಸುರಿಯುತ್ತದೆ. ಜೋಗ ನೋಡಬೇಕಾದ್ದು ಆಗಲೇ, ಆದರೆ ಸಣ್ಣ ಮಕ್ಕಳನ್ನು ಬೆಟ್ಟ ಹತ್ತಿಸುವ ಕಾಲ ಅದಲ್ಲ. ಹಳ್ಳಗಳು ಅರ್ಧ ಗಂಟೆಯಲ್ಲಿ ಏರುತ್ತವೆ. ನನ್ನನ್ನು ಕೇಳಿದರೆ ದಸರಾ ರಜೆಯ ಕೊನೆ, ಇಲ್ಲವೇ ನವೆಂಬರ್. ಹಸಿರು ಇರುತ್ತದೆ, ಹಳ್ಳದಲ್ಲಿ ನೀರು ಇರುತ್ತದೆ, ಅದರ ಸಿಟ್ಟು ಇಳಿದಿರುತ್ತದೆ.

ಬೇಸಿಗೆ ರಜೆ ಬೇಡ ಅನ್ನುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಬೆಂಗಳೂರಿನವರು ಬಹಳ ಜನ ಕೇಳುವುದೇ ಇಲ್ಲ, ಹೋಂಸ್ಟೇಯವರು ತಾವಾಗಿ ಹೇಳುವುದೂ ಇಲ್ಲ: ಮಂಗನ ಕಾಯಿಲೆ, ಮಂಗಗಳಿಗೂ ಮನುಷ್ಯರಿಗೂ ಬರುವ ಒಂದು ವೈರಸ್ ಜ್ವರ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯದೇ ಆದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಹಾಗಾಗಿ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂಬ ಹೆಸರು. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳದಿಂದ. ಕಾಡಿನ ತರಗೆಲೆಯಲ್ಲಿ, ಪೊದೆಯಲ್ಲಿ ಇರುವ ಸಾಸಿವೆ ಕಾಳಿನಷ್ಟು ಚಿಕ್ಕ ಮರಿ ಉಣುಗುಗಳ ಕಾಟ ಜೋರಾಗುವುದು ಮಳೆ ನಿಂತ ಮೇಲೆ. ಡಿಸೆಂಬರ್‌ನಿಂದ ಮೇವರೆಗೆ ನಮ್ಮವರು ಸೊಪ್ಪಿಗೆ, ದರಗಿಗೆ (ಒಣ ಎಲೆಗೆ) ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗುತ್ತಾರೆ. ಹೆದರಿಸಲು ಹೇಳುತ್ತಿಲ್ಲ, ನಾವು ಇಲ್ಲೇ ಬದುಕಿದ್ದೇವೆ. ಆ ತಿಂಗಳುಗಳಲ್ಲೇ ಬರಬೇಕಾದರೆ, ಹೊರಡುವ ಮೊದಲು ಆ ಊರಿನ ಆಸುಪಾಸಿನಲ್ಲಿ ಮಂಗ ಸತ್ತಿದೆಯೇ, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಮನೆಯವರನ್ನು ನೇರವಾಗಿ ಕೇಳಿ. ಹೌದೆಂದರೆ ಕಾಡಿನ ದಾರಿ ಬಿಟ್ಟುಬಿಡಿ. ನವೆಂಬರ್‌ನಲ್ಲಿ ಬಂದರೂ ತುಂಬು ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸುವುದು, ತರಗೆಲೆಯ ಮೇಲೆ ಕೂರದಿರುವುದು, ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸ್ನಾನದ ಹೊತ್ತಿಗೆ ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಹಿಂಬದಿ ನೋಡಿ. ಊರಿಗೆ ಹೋದ ಎರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆವು" ಎಂದು ಬಾಯಿಬಿಟ್ಟು ಹೇಳಬೇಕು. ಬೆಂಗಳೂರಿನ ಡಾಕ್ಟರಿಗೆ ಅದು ಹೇಳದೆ ಹೊಳೆಯುವುದಿಲ್ಲ.

ಉಂಬಳದ, ಅಂದರೆ ಜಿಗಣೆಯ, ವಿಷಯಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ. ಹಸಿ ಇರುವ ತನಕ ಉಂಬಳ ಇದ್ದೇ ಇರುತ್ತದೆ. ಹತ್ತಿದರೆ ಉಪ್ಪು, ಇಲ್ಲವೇ ಸುಣ್ಣ ತಾಗಿಸಿ, ಉದುರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಮಾಡುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ. ಮಕ್ಕಳು ಕಿರುಚುವುದು ಅಮ್ಮಂದಿರು ಕಿರುಚಿದರೆ ಮಾತ್ರ. ನಮ್ಮಲ್ಲಿ ಯಾರಿಗೆ ಹೆಚ್ಚು ಉಂಬಳ ಹತ್ತಿತು ಅಂತ ಲೆಕ್ಕದ ಪಂದ್ಯ ಇಟ್ಟಿದ್ದೆ. ಗೆದ್ದವನು ಹದಿನಾಲ್ಕು, ಅದರಲ್ಲಿ ಮೂರು ಅವನೇ ಬೇಕೆಂದು ಹತ್ತಿಸಿಕೊಂಡದ್ದು.

ಇನ್ನು ದಿನಗಳು. ರಾತ್ರಿ ರೈಲಿನಲ್ಲಿ ಬಂದರೆ ಬೆಳಗಿನ ಜಾವ ಶಿವಮೊಗ್ಗ. ಮುಖ ತೊಳೆದು ತಿಂಡಿ ಮುಗಿಸಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೊರಡಿ, ಪೇಟೆಯಿಂದ 14 ಕಿಲೋಮೀಟರ್ ಆಗಬಹುದು. ಗಾಜನೂರು ಅಣೆಕಟ್ಟಿನ ಹಿನ್ನೀರಿಗೆ ಆನೆಗಳು ಸ್ನಾನಕ್ಕೆ ಇಳಿಯುವುದು ಬೆಳಿಗ್ಗೆ ಮಾತ್ರ. ಎಂಟೂವರೆಗೆ ಅಲ್ಲಿರಿ, ಹನ್ನೊಂದಾದರೆ ಆನೆಗಳು ಕಾಡಿಗೆ ಹೊರಟಿರುತ್ತವೆ. ಅಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲೇ ಮಂಡಗದ್ದೆ ಸಿಗುತ್ತದೆ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ, ನವೆಂಬರ್ ಹೊತ್ತಿಗೆ ಕಡಿಮೆಯಾಗಿರುತ್ತವೆ. ರಸ್ತೆಯ ಪಕ್ಕದಲ್ಲೇ ನಿಂತು ಹತ್ತು ನಿಮಿಷ ನೋಡಿ ಮುಂದೆ ಹೋಗಿ. ಊಟಕ್ಕೆ ಮನೆ ಸೇರಿ ಮಲಗಿ.

ಎರಡನೇ ದಿನ ಕವಲೇದುರ್ಗ. ನಿಮ್ಮ ಪಟ್ಟಿಯಲ್ಲಿ ಮಕ್ಕಳಿಗೆಂದೇ ಮಾಡಿದಂತಿರುವುದು ಇದೊಂದೇ. ಗದ್ದೆಯ ಬದುವಿನಿಂದ ಶುರುವಾಗಿ, ಕಲ್ಲುಹಾಸಿನ ದಾರಿಯಲ್ಲಿ ಒಂದರ ಮೇಲೊಂದು ಹೆಬ್ಬಾಗಿಲು ದಾಟುತ್ತಾ ಹತ್ತುವುದು. ಪ್ರತಿ ಬಾಗಿಲೂ ಒಂದು ನಿಲ್ದಾಣ. "ಮುಂದಿನ ಬಾಗಿಲಲ್ಲಿ ಕಡ್ಲೆಮಿಠಾಯಿ" ಅಂದರೆ ಐದು ವರ್ಷದವಳೂ ಹತ್ತುತ್ತಾಳೆ. ಕೆಳದಿ ಅರಸರ ಕೋಟೆ. ದಾರಿಯುದ್ದಕ್ಕೂ ಹೇಳಲು ಕಥೆ ಸಿದ್ಧವಾಗಿರಲಿ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮ ಆಶ್ರಯ ಕೇಳಿ ಬಂದದ್ದು, ಕೆಳದಿ ಚೆನ್ನಮ್ಮ ಹೆದರದೆ ಕೊಟ್ಟದ್ದು. ಕಥೆ ಮುಗಿಯುವುದರೊಳಗೆ ಅರಮನೆಯ ಬುನಾದಿಯ ಹತ್ತಿರ ಬಂದಿರುತ್ತೀರಿ. ಎಚ್ಚರ ಬೇಕಾದದ್ದು ಅಲ್ಲೇ. ಒಳಗಿನ ಕೊಳಗಳಿಗೆ ಕಟಕಟೆ ಇಲ್ಲ, ಹುಲ್ಲು ಬೆಳೆದರೆ ಅಂಚು ಕಾಣುವುದಿಲ್ಲ. ಮೇಲೆ ಅಂಗಡಿ ಇಲ್ಲ, ನೀರು ನೀವೇ ಹೊರಬೇಕು. ದೊಡ್ಡವರು ಒಂದು ಗಂಟೆಯಲ್ಲಿ ಮಾಡುವ ದಾರಿಗೆ ಮಕ್ಕಳಿಗೆ ಎರಡು ಗಂಟೆ ಇಟ್ಟುಕೊಳ್ಳಿ.

ಮೂರನೇ ದಿನ ಕೊಡಚಾದ್ರಿ ಬೇಡ. ಅದು 1,343 ಮೀಟರ್ ಎತ್ತರ, ಜೀಪಿನ ದಾರಿಯಲ್ಲಿ ಒಂದು ಗಂಟೆ ಕುಲುಕಿಸಿಕೊಂಡ ಮಗುವಿಗೆ ಮೇಲೆ ನಡೆಯಲು ಜೀವವೇ ಇರುವುದಿಲ್ಲ. ಹನ್ನೆರಡು ವರ್ಷದವರನ್ನು ಇನ್ನೊಮ್ಮೆ ಬೇರೆಯಾಗಿ ಕರೆತನ್ನಿ. ಆಗಲೂ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ವಿಚಾರಿಸಿ. ಅದರ ಬದಲು ಆಗುಂಬೆ ಹತ್ತಿರದ ಕುಂದಾದ್ರಿಗೆ ಬೆಳ್ಳಂಬೆಳಿಗ್ಗೆ ಹೋಗಿ. ಗಾಡಿ ಹೆಚ್ಚುಕಡಿಮೆ ತುದಿಯವರೆಗೆ ಹೋಗುತ್ತದೆ, ಸ್ವಲ್ಪ ಮೆಟ್ಟಿಲು, ಮೇಲೆ ಪಾರ್ಶ್ವನಾಥ ಬಸದಿ, ಕಲ್ಲಿನ ಕೊಳ, ಕೆಳಗೆ ಮೋಡದ ಹಾಸು. ಬಂಡೆಯ ಅಂಚಿನಲ್ಲಿ ಒಬ್ಬೊಬ್ಬ ದೊಡ್ಡವರು ಒಂದೊಂದು ಮಗುವಿನ ಕೈ ಹಿಡಿದಿರಲಿ. ಆಗುಂಬೆಯ ಬರ್ಕಣ, ಒನಕೆ ಅಬ್ಬಿ ಜಲಪಾತಗಳ ದಾರಿ ಸಣ್ಣವರಿಗಲ್ಲ. ಕಾಳಿಂಗ ಸರ್ಪದ ಅಧ್ಯಯನಕ್ಕೆ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುವಾದದ್ದನ್ನು ಹೇಳಿದರೆ ಸಾಕು, ಮಕ್ಕಳು ಅವತ್ತು ಇಡೀ ದಿನ ಹಾವಿನದೇ ಮಾತು ಆಡುತ್ತಾರೆ. ಹಾವಿನ ಮಾತು ಬಂದದ್ದರಿಂದ: ಕತ್ತಲಾದ ಮೇಲೆ ಅಂಗಳಕ್ಕೂ ಟಾರ್ಚ್ ಮತ್ತು ಶೂ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ, ಅಲುಗಾಡಿಸದೆ ತೀರ್ಥಹಳ್ಳಿಯ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ.

ನಾಲ್ಕನೆಯ ದಿನ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಮನಸ್ಸಿದ್ದರೆ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ನೋಡಿ, ವಾಪಸ್.

ನನಗೆ ಹಾವಿಗಿಂತ, ಉಣುಗಿಗಿಂತ ಭಯ ನೀರಿನದು. ನವೆಂಬರ್‌ನ ತುಂಗೆ ನೋಡಲು ಬಲು ಸಾಧು. ಬಂಡೆಯ ಪಾಚಿ, ಬಂಡೆಯ ಪಕ್ಕದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಹೊಳೆಗೆ ಇಳಿಸಲೇಬೇಡಿ, ತೋಟದ ಹಳ್ಳ ಸಾಕು, ಅದೂ ಎಲ್ಲರಿಗಿಂತ ಚಿಕ್ಕವರ ಮೊಣಕಾಲಿನ ಮಟ್ಟದವರೆಗೆ. ಮಕ್ಕಳು ನೀರಲ್ಲಿರುವಷ್ಟು ಹೊತ್ತೂ ಒಬ್ಬರು ಕಾವಲು. ಅವರ ಕೈಯಲ್ಲಿ ಮೊಬೈಲ್ ಇಲ್ಲ, ಕಾಫಿ ಲೋಟ ಇಲ್ಲ, ಮಾತಿಲ್ಲ. ಅರ್ಧ ಗಂಟೆಗೊಮ್ಮೆ ಬದಲಾಯಿಸಿ, "ಈಗ ನೀವು" ಎಂದು ಬಾಯಲ್ಲಿ ಹೇಳಿಯೇ. ಎಂಟು ಜನ ದೊಡ್ಡವರಿದ್ದಾಗ ಎಲ್ಲರೂ ನೋಡುತ್ತಿದ್ದಾರೆ ಅಂದುಕೊಂಡು ಯಾರೂ ನೋಡುತ್ತಿರುವುದಿಲ್ಲ. ಮುಂದೆಂದಾದರೂ ಹೊನ್ನೆಮರಡಿನ ಹಿನ್ನೀರಿಗೆ ಹೋದರೆ, ಲೈಫ್ ಜಾಕೆಟ್ ಹಾಕಿಸಿದ ಮೇಲೆ ಅದರ ಭುಜ ಹಿಡಿದು ಮಗುವನ್ನು ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿದರೆ ಅದು ಆ ಮಗುವಿನ ಅಳತೆಯದಲ್ಲ.

ನಡೆಯುವಾಗ ದಾರಿ ಗೊತ್ತಿರುವ ಊರಿನವರು ಒಬ್ಬರು ಮುಂದೆ, ನಿಮ್ಮಲ್ಲಿ ನಿಧಾನದವರೊಬ್ಬರು ಕಟ್ಟಕಡೆಗೆ. ಕಡೆಯವರನ್ನು ಯಾರೂ ಹಿಂದೆ ಬಿಡಬಾರದು. ಪ್ರತಿ ಮಗುವಿಗೂ ಒಂದು ನಂಬರ್ ಕೊಡಿ, ನಿಂತಾಗಲೆಲ್ಲ ಒಂದರಿಂದ ಏಳರವರೆಗೆ ಕೂಗಿಸಿ. ಹನ್ನೆರಡು ವರ್ಷದವಳಿಗೆ ಐದು ವರ್ಷದವಳ ಜವಾಬ್ದಾರಿ ಕಟ್ಟಬೇಡಿ, ಅವಳೂ ರಜೆಗೇ ಬಂದಿರುವುದು.

ಮನೆ ಬುಕ್ ಮಾಡುವಾಗ ವೈಫೈ ಕೇಳುವ ಮೊದಲು ಬಾವಿಗೆ ಕಟ್ಟೆ ಮತ್ತು ಮುಚ್ಚಳ ಇದೆಯೇ, ಹಳ್ಳ ಎಷ್ಟು ದೂರ, ನಾಯಿ ಕಟ್ಟಿಹಾಕುತ್ತಾರೆಯೇ, ರಾತ್ರಿ ಗಾಡಿ ಬೇಕಾದರೆ ಸಿಗುತ್ತದೆಯೇ ಕೇಳಿ. ಮಕ್ಕಳಿಗೆ ಖಾರ ಕಡಿಮೆ ಎಂದು ಮೊದಲೇ ಹೇಳಿದರೆ ಅಕ್ಕಿರೊಟ್ಟಿ ಬೆಣ್ಣೆ, ತಿಳಿಸಾರು ಅನ್ನ ಮಾಡಿಕೊಡುತ್ತಾರೆ. ಸಂಜೆ ಹಂಡೆಯ ಬಿಸಿನೀರು ಸಿಕ್ಕರೆ ಅರ್ಧ ಸುಸ್ತು ಅಲ್ಲೇ ಹೋಗುತ್ತದೆ. ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ, ಅಂದರೆ ಫೋನ್‌ಪೇಯೂ ಇಲ್ಲ. ನಾಲ್ಕೂ ಮನೆಯವರು ಸಮ ಹಾಕಿ ಒಂದು ಡಬ್ಬಿಯಲ್ಲಿ ನಗದು ಇಡಿ, ಲೆಕ್ಕ ಒಬ್ಬರದೇ.

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ, ಬರೆದೇಬಿಡುತ್ತೇನೆ. ರಾತ್ರಿ ದೊಡ್ಡವರ ಪಾರ್ಟಿ ಇದ್ದರೆ, ದಿನಕ್ಕೊಬ್ಬರು ಗುಂಡು ಮುಟ್ಟದೆ ಇರಬೇಕು, ಅವರಿಗೆ ಗಾಡಿ ಓಡಿಸಲು ಬರಬೇಕು, ಕೀ ಅವರ ಜೇಬಿನಲ್ಲೇ ಇರಬೇಕು. ಮಗುವಿಗೆ ಮಧ್ಯರಾತ್ರಿ ಜ್ವರ ಏರಿದಾಗ 108 ಬರುವ ತನಕ ಕಾಯುವುದಾ ಹೊರಡುವುದಾ ಎಂದು ನಿರ್ಧರಿಸಲು ಒಬ್ಬರಾದರೂ ನೆಟ್ಟಗಿರಬೇಕಲ್ಲ. ಈ ಸರದಿಯನ್ನು ಬೆಂಗಳೂರಿನಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲಿಗೆ ಬಂದಮೇಲೆ ಯಾರೂ ಒಪ್ಪುವುದಿಲ್ಲ.

ತಾರೀಖು ಗಟ್ಟಿಯಾದ ಮೇಲೆ ಇಲ್ಲೇ ಕೆಳಗೆ ಹಾಕಿ. ಆ ವಾರ ಮಳೆ ಹೇಗಿದೆ, ಹಳ್ಳದಲ್ಲಿ ನೀರೆಷ್ಟಿದೆ ನೋಡಿ ಹೇಳುತ್ತೇನೆ.