ಪೆಟ್ಟಿಗೆಗಿಂತ ಮೊದಲು ಪಟ್ಟಿ

ಪ್ರಿಯ ಮೇಷ್ಟ್ರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಗಾಗಿ ಮೇಷ್ಟ್ರೇ ಎಂದೇ ಕರೆಯುತ್ತೇನೆ. ನಿಮ್ಮ ನಾಲ್ಕು ಪುಟದ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಇಲ್ಲಿ ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ತಿರುಳು ಹೇಳಿಬಿಡುತ್ತೇನೆ. ಸರ್ವೀಸಿನಲ್ಲಿ ಒಂಬತ್ತು ಸಲ ಚುನಾವಣಾ ಡ್ಯೂಟಿ ಮಾಡಿದ್ದೀರಿ. ಮತಪೆಟ್ಟಿಗೆಗೆ ಅರಗಿನ ಸೀಲು ಒತ್ತಿದ್ದೀರಿ, ಆಮೇಲೆ ಮತಯಂತ್ರವನ್ನೂ ಹೊತ್ತಿದ್ದೀರಿ. "ಮತಪತ್ರ ಇದ್ದಾಗ ಓಟು ಕಣ್ಣಿಗೆ ಕಾಣುತ್ತಿತ್ತು. ಈಗ ಬರೀ ಬೀಪ್ ಸದ್ದು. ಎಲ್ಲ ಡಿಜಿಟಲ್ ಆಗಿ ಪ್ರಜಾಪ್ರಭುತ್ವ ನಮ್ಮ ಕೈ ತಪ್ಪುತ್ತಿದೆ. ಮತ್ತೆ ಮತಪತ್ರಕ್ಕೆ ಹೋಗೋಣ ಎಂದು ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ?" ಎಂದು ಕೇಳಿದ್ದೀರಿ.

ಈ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸಬೇಕು ಎಂದು ನಮ್ಮ ರಾಜ್ಯ ಸಂಪುಟವೇ 2025ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಆದರೆ ನನ್ನ ಭಯ ಯಂತ್ರದ ಮೇಲಿಲ್ಲ, ಮೇಷ್ಟ್ರೇ. ಅದಕ್ಕೆ ಇಂಟರ್ನೆಟ್ ಸಂಪರ್ಕ ಇಲ್ಲ. ಬೆಳಿಗ್ಗೆ ಏಜೆಂಟರ ಎದುರಿಗೇ ಅಣಕು ಮತದಾನ ಮಾಡಿಸಿ, ಲೆಕ್ಕ ತಾಳೆ ನೋಡಿ, ಅಳಿಸಿ, ಸೀಲು ಹಾಕಿದ್ದು ನಿಮ್ಮದೇ ಕೈ. ಗುಂಡಿ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್‌ನ ಗಾಜಿನ ಹಿಂದೆ ಅಭ್ಯರ್ಥಿಯ ಹೆಸರು, ಚಿಹ್ನೆ ಇರುವ ಚೀಟಿ 7 ಸೆಕೆಂಡು ಕಾಣುತ್ತದೆ, ಆಮೇಲೆ ಕತ್ತರಿಸಿ ಕೆಳಗೆ ಬೀಳುತ್ತದೆ. ಅಂದರೆ ಕಾಗದ ಈಗಲೂ ಇದೆ. ಎಣಿಕೆಯ ದಿನ ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಗಳ ಚೀಟಿಗಳನ್ನು ಮಾತ್ರ ಯಂತ್ರದ ಲೆಕ್ಕದ ಜೊತೆ ತಾಳೆ ನೋಡುತ್ತಾರೆ. ಇದು ಸಾಲದು, ಇನ್ನೂ ಜಾಸ್ತಿ ಮತಗಟ್ಟೆಗಳದ್ದು ಎಣಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಎಣಿಕೆ ಕಣ್ಣಿಗೆ ಕಾಣಬೇಕು ಎಂಬ ನಿಮ್ಮ ಹಟ ಸರಿಯಾದದ್ದೇ.

ನನ್ನ ನಿದ್ದೆ ಕೆಡಿಸಿದ್ದು ಬೇರೆ ಸಂಗತಿ. ಕಲಬುರಗಿ ಜಿಲ್ಲೆಯ ಆಳಂದದ್ದು.

ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಫಾರಂ 7 ಅಂತ ಇದೆ, ನಿಮಗೆ ಗೊತ್ತೇ ಇದೆ. ಯಾರೋ ತೀರಿಕೊಂಡರು, ಊರು ಬಿಟ್ಟರು ಅಂದರೆ ಅದೇ ಕ್ಷೇತ್ರದ ಮತದಾರರು ಅದನ್ನು ತುಂಬಿ ಕೊಡಬಹುದು. ಮೊದಲಾದರೆ ಕಾಗದ ತುಂಬಿ, ಸಹಿ ಹಾಕಿ, ಕಚೇರಿಗೆ ಹೋಗಬೇಕಿತ್ತು. ಕೊಡುವವರ ಮುಖ ಒಬ್ಬರಾದರೂ ನೋಡುತ್ತಿದ್ದರು. ಈಗ ಕೂತಲ್ಲೇ ಮೊಬೈಲಿನಲ್ಲಿ ಕಳಿಸಬಹುದು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಒಂದೇ ಕ್ಷೇತ್ರದಲ್ಲಿ ಹೀಗೆ ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ. ಉಳಿದ 5,994 ತಪ್ಪು ಅರ್ಜಿಗಳು. ಇದು ಚುನಾವಣಾ ಆಯೋಗವೇ ಕೊಟ್ಟ ಲೆಕ್ಕ. ಅದಕ್ಕೂ ಹಿಂದಿನ, 2018ರ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ ಎಷ್ಟು ಗೊತ್ತಾ? 697 ಮತ.

ಇದು ಬಯಲಾದ ಬಗೆ ನೋಡಿ. ಒಬ್ಬ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಹೆಣ್ಣುಮಗಳಿಗೆ ಪರಿಶೀಲನೆಗೆ ಬಂದ ಅರ್ಜಿಗಳಲ್ಲಿ ಅವರ ಬಂಧುವಿನ ಹೆಸರೇ ಇತ್ತು. ಮನುಷ್ಯ ಊರಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರನ್ನು ಕೇಳಿದರೆ, ನಾನು ಹಾಕಿಯೇ ಇಲ್ಲ ಅಂದರು. ಆ ಎಳೆ ಹಿಡಿದು ಹೋದಾಗ ಉಳಿದದ್ದೆಲ್ಲ ಹೊರಬಿತ್ತು. 2023ರ ಫೆಬ್ರುವರಿಯಲ್ಲಿ ಆಳಂದ ಪೊಲೀಸ್ ಠಾಣೆಯಲ್ಲಿ ಕೇಸು ದಾಖಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನೂ ಮಾಡಿತು.

ಸಾವಿರಾರು ಜನರ ಓಟು ಉಳಿದದ್ದು ಹೀಗೆ. ತನ್ನ ಬೂತಿನ ಮನೆಗಳು ಗೊತ್ತಿದ್ದ ಒಬ್ಬರು, ಹೆಸರು ಓದಿದ ಕೂಡಲೇ "ಅರೆ, ಇವರು ಇದ್ದಾರಲ್ಲ" ಅಂದುಕೊಂಡರು. ಸುಮ್ನೆ ಸರಿ ಗುರುತು ಹಾಕಿ ಕಳಿಸಿದ್ದರೆ? ಆ ಓಟುಗಳು ಹೋಗಿರುವುದು ಮತದಾನದ ದಿನ ಬೂತಿಗೆ ಬಂದಾಗಲೇ ಗೊತ್ತಾಗುತ್ತಿತ್ತು. ಅಷ್ಟು ಹೊತ್ತಿಗೆ ಯಾರು ಏನು ಮಾಡಲು ಸಾಧ್ಯ? ಮತಪತ್ರ ಇದ್ದರೂ ಅಷ್ಟೇ, ಯಂತ್ರ ಇದ್ದರೂ ಅಷ್ಟೇ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಎರಡೂ ಇಲ್ಲ.

ಮೊಬೈಲ್ ಬಗ್ಗೆ ನೀವು ಬರೆದದ್ದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಹಿಂದೆ ಜೀಪಿಗೆ ಮೈಕು ಕಟ್ಟಿಕೊಂಡು ಬರುತ್ತಿದ್ದರು. ಹೇಳಿದ್ದು ಸುಳ್ಳಾದರೆ ಇಡೀ ಸಂತೆಗೆ ಕೇಳಿಸುತ್ತಿತ್ತು. ಸಂಜೆ ಎದುರು ಪಾರ್ಟಿಯವರು ಅದೇ ಕಟ್ಟೆಯ ಮೇಲೆ ನಿಂತು ಉತ್ತರ ಕೊಡುತ್ತಿದ್ದರು. ಈಗ ನನ್ನ ಫೋನಿಗೆ ಬಂದದ್ದು ನಿಮಗೆ ಗೊತ್ತಿಲ್ಲ, ನಿಮಗೆ ಬಂದದ್ದು ನನಗೆ ಗೊತ್ತಿಲ್ಲ. ಗೊತ್ತೇ ಇಲ್ಲದ ಮಾತಿಗೆ ಉತ್ತರ ಕೊಡುವವರು ಯಾರು? ಮತದಾನ ಮುಗಿಯುವ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು ಅಂತ ಕಾನೂನಿದೆ. ಮೈಕು ನಿಲ್ಲುತ್ತದೆ. ಫಾರ್ವರ್ಡ್ ನಿಲ್ಲುವುದಿಲ್ಲ.

ಈ ಫಾರ್ವರ್ಡಿನ ಕೈಗೆ ಎಂಥ ಬಲ ಇದೆ ಎಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕಂಡಿದ್ದೇವೆ. 2018ರ ಜುಲೈ. ಕಾರಿನಲ್ಲಿ ಬಂದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಜನ ದಾರಿಗೆ ಅಡ್ಡ ಹಾಕಿ ಹೊಡೆದರು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಸತ್ತೇ ಹೋದ. ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ 5 ಕಡೆಗೆ ಮಾತ್ರ ಕಳಿಸಬಹುದು ಎಂಬ ಮಿತಿ ಹೇರಿತು. ಮನೆ ಮಂದಿಯಂಥ ಗ್ರೂಪಿನಿಂದ ಬಂದದ್ದನ್ನು ನಾವು ಅನುಮಾನಿಸುವುದಿಲ್ಲ, ಅಲ್ವಾ? ಚುನಾವಣೆಯ ಸುಳ್ಳೂ ಅದೇ ದಾರಿಯಲ್ಲಿ, ಅದೇ ಸಲಿಗೆಯಲ್ಲಿ ಬರುತ್ತದೆ.

ಹಾಗಂತ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಎಸೆಯಬೇಡಿ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಮಾರ್ಚಿನಲ್ಲಿ ಬಾಂಡ್ ಕೊಂಡವರ ಪಟ್ಟಿ, ಪಡೆದ ಪಕ್ಷಗಳ ಪಟ್ಟಿ, ಕೊನೆಗೆ ಬಾಂಡ್ ನಂಬರುಗಳೂ ಆಯೋಗದ ವೆಬ್‌ಸೈಟಿಗೆ ಬಂದವು. ಪತ್ರಕರ್ತರು, ಕಾಲೇಜು ಹುಡುಗರು ಕಂಪ್ಯೂಟರಿನಲ್ಲಿ ನಂಬರಿಗೆ ನಂಬರು ಹೊಂದಿಸಿ, ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಎಂದು ಹೇಳಿದರು. ಕಾಗದದ ಕಡತವಾಗಿ ಬೀರುವಿನಲ್ಲಿ ಇದ್ದಿದ್ದರೆ ನಾನು ನೀವು ಅದನ್ನು ನೋಡುತ್ತಿರಲಿಲ್ಲ.

ಮತಪತ್ರಕ್ಕೆ ವಾಪಸು ಹೋಗೋಣ ಎಂದು ನಾವು ಬರೆಯುವುದಿಲ್ಲ, ಕ್ಷಮಿಸಿ. ಹೆಸರು ತೆಗೆಯುವ ಪ್ರತಿ ಅರ್ಜಿಗೂ ಮನೆ ಬಾಗಿಲು ತಟ್ಟಿ, ಹೆಸರಿನವರನ್ನು ಎದುರಿಗೇ ಕೇಳಬೇಕು. ಅದು ಆಗುವವರೆಗೆ ಒಂದು ಹೆಸರನ್ನೂ ಮುಟ್ಟಬಾರದು. ಇದನ್ನು ಮಾತ್ರ ಬರೆಯುತ್ತೇವೆ, ಮತ್ತೆ ಮತ್ತೆ ಬರೆಯುತ್ತೇವೆ.

ನಿಮ್ಮಿಂದ ಒಂದು ಸಹಾಯ ಬೇಕು. ಕರಡು ಪಟ್ಟಿ ಬಂದಾಗ ಮತಗಟ್ಟೆಯಲ್ಲಿ ನೋಡಲು ಸಿಗುತ್ತದೆ. ಮೊಮ್ಮಗಳು ಫೋನು ನೋಡುವುದರಲ್ಲಿ ಚುರುಕು ಎಂದು ನೀವೇ ಬರೆದಿದ್ದೀರಿ, ಆಯೋಗದ ವೆಬ್‌ಸೈಟಿನಲ್ಲೂ ಅವಳು ತೆಗೆದುಕೊಡುತ್ತಾಳೆ. ಅವಳನ್ನು ಜೊತೆಗೆ ಕೂರಿಸಿಕೊಂಡು ನಿಮ್ಮ ಬೀದಿಯ ಹೆಸರುಗಳನ್ನು ಒಂದೊಂದಾಗಿ ಓದಿ. ನಿಮಗೆ ಎಲ್ಲ ಮನೆಯೂ ಗೊತ್ತು. ಇರುವವರ ಹೆಸರು ಇಲ್ಲದಿದ್ದರೆ ಅವರಿಂದ ಹೆಸರು ಸೇರಿಸುವ ಫಾರಂ 6 ತುಂಬಿಸಿ, ಬಿಎಲ್‌ಓಗೆ ಹೇಳಿ. ಆಮೇಲೆ ಕಂಡದ್ದನ್ನೆಲ್ಲ ನಮಗೆ ಬರೆಯಿರಿ. ಆ ಪತ್ರ ಎಷ್ಟೇ ಪುಟ ಇದ್ದರೂ ಪೂರ್ತಿ ಹಾಕುತ್ತೇವೆ.

ಪ್ರೀತಿಯಿಂದ,
ಸಂಪಾದಕ