ತೋಟಕ್ಕೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪನ್ನೇ ತಿದ್ದಿ ಹಾಲಿಗೆ ಹೋಮೋಜಿನೈಸರ್ ಮಾಡಬಹುದಾ?

ನೀವು ಮೂಡಿಗೆರೆ ಕಡೆಯವರು, ಮನೆಯಲ್ಲೇ ಬಾದಾಮಿ ಹಾಲು ಮಾಡಿ ಬಾಟಲಿಯಲ್ಲಿ ಮಾರುತ್ತೀರಿ, ಎರಡೇ ದಿನಕ್ಕೆ ಬಾಟಲಿ ಕತ್ತಿನ ಹತ್ತಿರ ಕೆನೆ ಉಂಗುರದ ಹಾಗೆ ಅಂಟಿಕೊಳ್ಳುತ್ತದೆ ಅಂತ ಬರೆದಿದ್ದೀರಿ. ಕೆನೆ ಕಟ್ಟದ ಹಾಗೆ ಹಾಲಿನ ಕೊಬ್ಬನ್ನು ಒಡೆಯುವ ಯಂತ್ರ, ಅಂದರೆ ಹೋಮೋಜಿನೈಸರ್, ಅದರ ಬೆಲೆ ಕೇಳಿ ಸುಸ್ತಾಗಿದ್ದೀರಿ. ತೋಟದ ಎಚ್‌ಟಿಪಿಗೂ ಮೂರು ಪಿಸ್ಟನ್, ಅದಕ್ಕೂ ಮೂರೇ, ಹಾಗಾದರೆ ಇದೇ ಯಾಕಾಗಬಾರದು ಅನ್ನೋದು ಪ್ರಶ್ನೆ.

ಬೇಡ, ಮಾಡಬೇಡಿ. ಆದರೆ ಪ್ರಶ್ನೆ ದಡ್ಡತನದ್ದಲ್ಲ. ಹಾಸನದಲ್ಲಿ ಡೇರಿ ಮಷಿನ್ ಮಾಡುವ ಸಣ್ಣ ವರ್ಕ್‌ಶಾಪಿನಲ್ಲಿ ಪಂಪ್ ಡಿಸೈನ್ ಮಾಡೋದು ನನ್ನ ಕೆಲಸ. ಸೇರಿದ ಹೊಸದರಲ್ಲಿ ನಾನೂ ಇದನ್ನೇ ಕೇಳಿ ಎಲ್ಲರನ್ನೂ ನಗಿಸಿದ್ದೆ. ಫ್ರಾನ್ಸಿನ ಆಗಸ್ಟ್ ಗೌಲಿನ್ 1899ರಲ್ಲಿ ಪೇಟೆಂಟ್ ಪಡೆದ ಮೊದಲ ಯಂತ್ರವೂ ಮೂರು ಪಿಸ್ಟನ್ನಿನ ಪಂಪೇ, ಮುಂದೆ ಕೂದಲಿನಂಥ ಕೊಳವೆಗಳು, ಅಷ್ಟೇ. (ಹೆಸರು ಕೇಳಿದರೆ ನಮ್ಮ ಗೌಳಿಗರ ಪೈಕಿ ಅನ್ನಿಸುತ್ತೆ, ಅಲ್ವಾ?) ಹಾಗಾಗಿ ಎರಡೂ ದಾಯಾದಿಗಳೇ.

ಮೊದಲು ಒಂದು ವಿಷಯ. ಪಂಪು ಪ್ರೆಶರ್ ಹುಟ್ಟಿಸುವುದಿಲ್ಲ, ಸುಮ್ನೆ ಹಾಲನ್ನು ತಳ್ಳುತ್ತದೆ. ಮುಂದಿರುವ ವಾಲ್ವಿನಲ್ಲಿ ಸುಮಾರು 0.1 ಮಿ.ಮೀ. ಸಂದಿ ಇರುತ್ತದೆ, ಅದರಲ್ಲಿ ನುಗ್ಗಬೇಕಾದಾಗ ಪ್ರೆಶರ್ ಏರುತ್ತದೆ, 3–4 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಇದ್ದ ಕೊಬ್ಬಿನ ಹನಿ ಒಡೆದು ಒಂದು ಮೈಕ್ರಾನಿಗೂ ಚಿಕ್ಕದಾಗುತ್ತದೆ. ಆಮೇಲೆ ಅದು ಮೇಲೆ ತೇಲಿ ಕೆನೆ ಕಟ್ಟುವುದಿಲ್ಲ. ಇದಕ್ಕೆ ಹಾಲು 60–70 ಡಿಗ್ರಿ ಬಿಸಿ ಇರಬೇಕು, 150ರಿಂದ 200 ಬಾರ್ ಪ್ರೆಶರ್ ಬೇಕು. ನಿಮ್ಮ ಎಚ್‌ಟಿಪಿ ತೋಟದಲ್ಲಿ ಓಡೋದು 25–30 ಕೆಜಿ ಪ್ರೆಶರಿನಲ್ಲಿ, ಬಾರ್ ಅಂದರೂ ಹೆಚ್ಚುಕಮ್ಮಿ ಅಷ್ಟೇ.

ಪ್ಲಂಜರ್, ಅಂದರೆ ಪಿಸ್ಟನ್ ಥರ ಹಿಂದೆ ಮುಂದೆ ಓಡಿ ತಳ್ಳುವ ಕಂಬಿ, 30 ಮಿ.ಮೀ. ದಪ್ಪ ಅಂದುಕೊಳ್ಳಿ. 25 ಬಾರಿನಲ್ಲಿ ಅದರ ತುದಿಗೆ ಬೀಳುವ ಭಾರ ಸುಮಾರು 180 ಕೆಜಿ. 200 ಬಾರ್ ಮಾಡಿದರೆ 1,400 ಕೆಜಿ ದಾಟುತ್ತದೆ. ನಿಮ್ಮ ಕ್ರ್ಯಾಂಕ್, ಬೇರಿಂಗ್, ಕನೆಕ್ಟಿಂಗ್ ರಾಡ್ ಯಾವುದನ್ನೂ ಅದಕ್ಕೆ ಮಾಡಿಲ್ಲ. ಅದಕ್ಕೇ ನಾವು ಪ್ಲಂಜರ್ ಸಣ್ಣದು ಮಾಡುತ್ತೇವೆ. ಗಂಟೆಗೆ 500 ಲೀಟರ್ ಬೇಕಾದರೆ 20 ಮಿ.ಮೀ. ಪ್ಲಂಜರ್, 30 ಮಿ.ಮೀ. ಸ್ಟ್ರೋಕ್ (ಅದು ಓಡುವ ದೂರ), ಮೂರು ಪ್ಲಂಜರ್, 300 ಆರ್‌ಪಿಎಂ. ಮೋಟಾರ್ 5 ಎಚ್‌ಪಿ ಸಾಕು. ಆಗಲೂ ಹೆಬ್ಬೆರಳ ದಪ್ಪದ ಕಂಬಿಯ ಮೇಲೆ 600 ಕೆಜಿಗೂ ಜಾಸ್ತಿ. ದಿನಕ್ಕೆ 8 ಗಂಟೆ ಓಡಿಸಿದರೆ ಏಳೇ ದಿನಕ್ಕೆ 10 ಲಕ್ಷ ಸಲ ಹಾಗೆ ಒತ್ತಿ ಬಿಟ್ಟಂತೆ ಆಗುತ್ತದೆ. ಪ್ಲಂಜರ್, ವಾಲ್ವ್ ಕೂರುವ ಸ್ಟೀಲ್ ಬ್ಲಾಕು ಸೀಳೋದು ಸಾಮಾನ್ಯವಾಗಿ ಒಳಗೆ ಎರಡು ತೂತು ಕೂಡುವ ಮೂಲೆಯಲ್ಲಿ. ಆ ಅಂಚನ್ನು ದುಂಡಗೆ ತಿಕ್ಕಿ ಪಾಲಿಶ್ ಮಾಡದೆ ಬಿಟ್ಟರೆ ಎಷ್ಟು ದುಬಾರಿ ಸ್ಟೀಲ್ ಹಾಕಿದರೂ ಪ್ರಯೋಜನವಿಲ್ಲ.

ಭಾರದ ಮಾತು ಬಿಡಿ, ದುಡ್ಡು ಹಾಕಿದರೆ ಗಟ್ಟಿ ಕ್ರ್ಯಾಂಕ್ ಸಿಗುತ್ತದೆ. ನಿಜವಾದ ತಲೆನೋವು ಹಾಲು ಎಲ್ಲಿ ನಿಲ್ಲುತ್ತದೆ ಅನ್ನೋದು. ಎಚ್‌ಟಿಪಿಯಲ್ಲಿ ಪ್ಯಾಕಿಂಗಿಗೆ (ಸೋರದಂತೆ ಪ್ಲಂಜರ್ ಸುತ್ತ ಕೂರಿಸುವ ಸೀಲಿಗೆ) ಗ್ರೀಸ್ ಕಪ್ ಇದೆ ನೋಡಿ, ದಿನಾ ತಿರುಗಿಸ್ತೀರಲ್ಲ, ಆ ಗ್ರೀಸ್ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತದೆ. ಮೈಲುತುತ್ತಕ್ಕೆ ಗ್ರೀಸ್ ಸೇರಿದರೆ ಕಾಫಿ ಗಿಡ ಕೇಳೋದಿಲ್ಲ. ಹಾಲಿನ ಪಂಪಿನಲ್ಲಿ ಗ್ರೀಸ್ ಬದಲು ಪ್ಲಂಜರ್ ಮೇಲೆ ಸಣ್ಣಗೆ ಶುದ್ಧ ನೀರು ಬಿಡುತ್ತೇವೆ. ಅದು ತಂಪು ಮಾಡುತ್ತದೆ, ಪ್ಯಾಕಿಂಗ್ ದಾಟಿ ಬಂದ ಹಾಲನ್ನೂ ತೊಳೆದುಬಿಡುತ್ತದೆ. ಆ ನೀರು ಬರೋದು ನಿಂತರೆ ಪ್ಯಾಕಿಂಗ್ ಸುಟ್ಟು ಕರಕಲು. ಇನ್ನು ನಿಮ್ಮ ಪಂಪಿನಲ್ಲಿ ಹಿತ್ತಾಳೆ ಭಾಗಗಳಿವೆ, ಸಾಲದ್ದಕ್ಕೆ ವರ್ಷಗಟ್ಟಲೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿದ್ದೀರಿ, ಎರಡರಲ್ಲೂ ತಾಮ್ರ ಇದೆ. ಹಾಲಿಗೆ ತಾಮ್ರ ಸೋಕಿದರೆ, ಅದು ಎಷ್ಟೇ ಚೂರಾಗಿರಲಿ, ಕೊಬ್ಬು ಕೆಟ್ಟು ರಟ್ಟು ಅಗಿದಂಥ ರುಚಿ ಬರುತ್ತದೆ. ಅದಿರಲಿ, ಔಷಧಿ ಓಡಿದ ಪಂಪಿನಲ್ಲಿ ಜನ ಕುಡಿಯೋದನ್ನು ಓಡಿಸಲೇಬಾರದು, ಅದರ ಬಗ್ಗೆ ಚರ್ಚೆಯೇ ಇಲ್ಲ.

ತೊಳೆಯುವಾಗ ಸುಮಾರು 1ರಿಂದ 1.5% ಕಾಸ್ಟಿಕ್ ಸೋಡಾ 70 ಡಿಗ್ರಿ ಬಿಸಿಯಲ್ಲಿ, ಆಮೇಲೆ ತೆಳು ನೈಟ್ರಿಕ್ ಆಸಿಡ್. ಹಾಲು ಮುಟ್ಟುವ ಜಾಗವೆಲ್ಲ 316 ಸ್ಟೀಲ್ ಇರಬೇಕು, ಒಳಮೈ 0.8 ಮೈಕ್ರಾನಿಗಿಂತ ನುಣುಪಾಗಿರಬೇಕು, ಥ್ರೆಡ್ ಎಲ್ಲೂ ಹಾಲಿಗೆ ತಾಗಬಾರದು. ನಾನು ಒಂದು ಬ್ಲಾಕಿನಲ್ಲಿ ಓ-ರಿಂಗ್ (ರಬ್ಬರ್ ಸೀಲ್) ಕೂರುವ ತೋಡನ್ನು ಹಾಲಿನ ಕಡೆಗಲ್ಲದೆ ಸ್ವಲ್ಪ ಹಿಂದೆ ಇಟ್ಟಿದ್ದೆ, ಮಷಿನಿಂಗ್ ಸುಲಭ ಅಂತ. ಡ್ರಾಯಿಂಗಿನಲ್ಲಿ ಅದು ಬರೀ ಒಂದು ಗೆರೆ. ಹತ್ತು ದಿನ ಬಿಟ್ಟು ಬಿಚ್ಚಿದಾಗ ಆ ಗೆರೆಯಲ್ಲಿ ಹಳದಿ ಗಿಣ್ಣದ ಥರ ಏನೋ ಕೂತಿತ್ತು. ವಾಸನೆ ಮೂಗಿನಿಂದ ಸಂಜೆಯಾದರೂ ಹೋಗಲಿಲ್ಲ.

ಎರಡನೇ ಕಥೆ ಸಕ್ಷನ್ನಿನದು, ಅಂದರೆ ಪಂಪು ಹಾಲು ಎಳೆದುಕೊಳ್ಳುವ ಕಡೆಯದು. ಮೊದಲ ಸಲ ಒಂದು ಪಂಪನ್ನು ಹಾಲಿನ ಬ್ಯಾಲೆನ್ಸ್ ಟ್ಯಾಂಕಿನಿಂದ ನೇರ ಜೋಡಿಸಿ ಓಡಿಸಿದೆವು, ಮಧ್ಯೆ ಹಾಲು ತಳ್ಳಿಕೊಡುವ ಫೀಡ್ ಪಂಪ್ ಇಲ್ಲ, ನಾಲ್ಕು ಎಲ್ಬೋ, ಸಪೂರ ಪೈಪು. ತೆಂಗಿನಕಾಯಿ ಒಡೆದ ಹಾಗೆ ಟಕ್ ಟಕ್ ಸದ್ದು, ಗೇಜಿನ ಮುಳ್ಳು ನಡುಗುತ್ತಿದೆ. ಕ್ರ್ಯಾಂಕ್ ಬೇರಿಂಗ್ ಹೋಯಿತು ಅಂತ ನಾನು ಎರಡು ದಿನ ಪೂರ್ತಿ ಬಿಚ್ಚಿ ಕೂತೆ. ಏನೂ ಸಿಗಲಿಲ್ಲ. ನಮ್ಮ ಹಿರಿಯ ಫಿಟ್ಟರ್ ಒಬ್ಬರು ಬಂದರು, ಸಕ್ಷನ್ ಪೈಪಿನ ಯೂನಿಯನ್ನಿಗೆ (ಜಾಯಿಂಟಿಗೆ) ಒದ್ದೆ ಬಟ್ಟೆ ಸುತ್ತಿದರು, ‘ಈಗ ಓಡ್ಸಪ್ಪ’ ಅಂದರು. ಸದ್ದು ಮುಕ್ಕಾಲು ಪಾಲು ನಿಂತಿತು. ಗ್ಯಾಸ್ಕೆಟ್ ಸಂದಿಯಿಂದ ಗಾಳಿ ಎಳೆಯುತ್ತಿತ್ತು. ಆವತ್ತಿನಿಂದ ನಾನು ಬಿಸಿ ಹಾಲಿನ ಪ್ಲಂಜರ್ ಪಂಪಿಗೆ ಹಿಂದಿನಿಂದ 2–3 ಬಾರಿನಲ್ಲಿ ತಳ್ಳುವ ಫೀಡ್ ಪಂಪ್ ಇಲ್ಲದೆ ಡ್ರಾಯಿಂಗ್ ಕೊಡೋದಿಲ್ಲ. ಹಿಂದೆ ಒತ್ತಡ ಇದ್ದರೆ ಜಾಯಿಂಟು ಸಡಿಲಾದಾಗ ಹಾಲು ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಗಾಳಿ ಒಳಗೆ ಹೋದರೆ ಕಾಣೋದಿಲ್ಲ.

ಇನ್ನೊಂದು, ಇದು ನಿಮಗೆ ಜಾಸ್ತಿ ಮುಖ್ಯ. ಹಸಿ ಹಾಲನ್ನು ಹೋಮೋಜಿನೈಸ್ ಮಾಡಿ ಹಾಗೇ ಇಡಬೇಡಿ. ಹಾಲಿನೊಳಗಿನ ಲೈಪೇಸ್ ಎಂಬ ಕಿಣ್ವ, ಒಡೆದ ಕೊಬ್ಬಿಗೆ ಕೈ ಹಾಕಿ ಬೇಗನೆ ಕಮಟು ಹಿಡಿಸುತ್ತದೆ. ಪಾಶ್ಚರೈಸ್ ಮಾಡುವ ಸಾಲಿನಲ್ಲೇ ಇದೂ ಇರಬೇಕು. ಹಾಗೇ ತುಪ್ಪ, ಬೆಣ್ಣೆಯೂ ಮಾಡ್ತೀರಾದರೆ ಆ ಹಾಲಿಗೆ ಇದು ಬೇಡವೇ ಬೇಡ. ಅಲ್ಲಿ ಕೆನೆ ಬೇರೆಯಾಗಬೇಕು, ಇಲ್ಲಿ ಆಗಬಾರದು. ನಮ್ಮಮ್ಮ ಈಗಲೂ ಹೋಮೋಜಿನೈಸ್ಡ್ ಪ್ಯಾಕೆಟ್ ತಂದರೆ ‘ಕೆನೆ ಇಲ್ಲದ ಹಾಲು ಹಾಲಾ’ ಅಂತ ನನ್ನ ಕಸುಬಿಗೇ ಬೈಯುತ್ತಾರೆ.

ನನ್ನ ಸಲಹೆ ಕೇಳಿದರೆ ಹಳೇ ಸಣ್ಣ ಹೋಮೋಜಿನೈಸರ್ ಹುಡುಕಿ, ಐಸ್‌ಕ್ರೀಂ ಮಾಡುವವರು ದೊಡ್ಡದಕ್ಕೆ ಹೋಗುವಾಗ ಮಾರುತ್ತಾರೆ. ನೋಡಲು ಹೋಗುವಾಗ ಟಾರ್ಚ್ ತಗೊಂಡು ಹೋಗಿ. ವಾಲ್ವ್ ಬಿಚ್ಚಿಸಿ ಬ್ಲಾಕಿನೊಳಗಿನ ಮೂಲೆ ನೋಡಿ, ಬೆರಳಾಡಿಸಿ, ಉಗುರಿಗೆ ಗೆರೆ ಸಿಕ್ಕಿದರೆ ವಾಪಸ್ ಬನ್ನಿ. ಪ್ಲಂಜರ್ ಮೇಲೆ ಉದ್ದಕ್ಕೆ ಗೀರು ಇದ್ದರೆ ಪರವಾಗಿಲ್ಲ, ಅದನ್ನು ಬದಲಾಯಿಸಬಹುದು, ಬೆಲೆ ಇಳಿಸಿ ಕೇಳಿ. ಸೇಫ್ಟಿ ವಾಲ್ವ್ ಇದೆಯಾ, ಅದು ಕೆಲಸ ಮಾಡುತ್ತಾ ಅಂತ ನೀರಿನಲ್ಲೇ ಓಡಿಸಿ ತೋರಿಸಲು ಹೇಳಿ. ಬಾವಿಯ ಪಂಪಿನ ಹಾಗಲ್ಲ ಇದು, ಮುಂದೆ ಮುಚ್ಚಿದರೂ ತಳ್ಳುತ್ತಲೇ ಇರುತ್ತದೆ, ಕೊನೆಗೆ ಪೈಪೋ ಗೇಜೋ ಹಾರುತ್ತದೆ. ಎಚ್‌ಟಿಪಿಯನ್ನು ಮೆಣಸಿಗೇ ಬಿಡಿ, ಹೇಗೂ ಮಳೆಗಾಲಕ್ಕೆ ಮುಂಚೆ ಬೇಕಾಗುತ್ತದೆ.