ಗ್ರೀನ್ ಟೀ ಯಾಕೆ ಕಹಿ, ಕಷಾಯದ ಹಾಲು ಯಾಕೆ ಒಡೆಯುತ್ತದೆ?

ಪ್ರಶ್ನೆ: ಎಷ್ಟು ದುಬಾರಿ ಗ್ರೀನ್ ಟೀ ತಂದರೂ ಕಹಿ. ಮಾಮೂಲಿ ಚಹಾದಂತೆ ಎರಡು ಕುದಿ ಬರಿಸುತ್ತೇನೆ. ಎಲೆಯೇ ಸರಿಯಿಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ತಪ್ಪು ಎಲೆಯದಲ್ಲ, ಆ ಎರಡು ಕುದಿಯದು. ಗ್ರೀನ್ ಟೀಯೂ ಚಹಾ ಗಿಡದ್ದೇ ಎಲೆ. ಕೊಯ್ದದ್ದು ಕಪ್ಪಾಗುವ ಮೊದಲೇ ಬಿಸಿ ತಾಗಿಸುತ್ತಾರೆ. ಜಪಾನಿನಲ್ಲಿ ಹೆಚ್ಚಾಗಿ ಹಬೆಯಲ್ಲಿ, ಚೀನಾದಲ್ಲಿ ಬಾಣಲೆಯಲ್ಲಿ. ಹೀಗೆ ಉಳಿದುಕೊಳ್ಳುವ ಕ್ಯಾಟೆಚಿನ್‌ಗಳೇ ಕಹಿ, ಒಗರು ಕೊಡುವುದು. ನೀರು ಬಿಸಿಯಾದಷ್ಟೂ ಅವು ಹೆಚ್ಚು ಬಿಡುತ್ತವೆ. ಸಿಹಿ ಛಾಯೆ ಕೊಡುವ ಥಿಯನೈನ್ ಕಡಿಮೆ ಬಿಸಿಗೂ ಇಳಿಯುತ್ತದೆ.

80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಡ: ಮುಕ್ಕಾಲು ಲೋಟ ಕುದಿಯುವ ನೀರಿಗೆ ಕಾಲು ಲೋಟ ಆರಿದ ಕುಡಿಯುವ ನೀರು ಬೆರೆಸಿ (ಫ್ರಿಜ್ಜಿನದ್ದಲ್ಲ). 200 ಮಿಲಿಗೆ ಒಂದು ಟೀ ಚಮಚ ಎಲೆ ಹಾಕಿ, ಎರಡು ನಿಮಿಷ ಮುಚ್ಚಿಟ್ಟು ಸೋಸಿ. ಎಲೆ ಲೋಟದಲ್ಲೇ ಉಳಿದರೆ ಕೊನೆಯ ಗುಟುಕು ಮತ್ತೆ ಕಹಿ. ಸೋಸಿದ ಎಲೆಗೆ ಇನ್ನೊಮ್ಮೆ ಬಿಸಿನೀರು ಹಾಕಬಹುದು.

ಪ್ರಶ್ನೆ: ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ನಡೆದಿದೆ. ಊಟವಾದ ಕೂಡಲೇ ಗ್ರೀನ್ ಟೀ ಕುಡಿಯಬಹುದೇ?
– ಓದುಗರು, ಧಾರವಾಡ

ಉತ್ತರ: ಬೇಡ. ಸೊಪ್ಪು, ಕಾಳಿನ ಕಬ್ಬಿಣಕ್ಕೆ ಚಹಾದ ಒಗರು ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ, ಮಾತ್ರೆಗೆ ಎರಡು ಗಂಟೆ ಅಂತರವಿರಲಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳುವುದು ಮೇಲು.

ಪ್ರಶ್ನೆ: ತೂಕ ಇಳಿಸಲು ಗ್ರೀನ್ ಟೀ ಕ್ಯಾಪ್ಸೂಲ್ ನುಂಗಬಹುದೇ?
– ಓದುಗರು, ಬೆಂಗಳೂರು

ಉತ್ತರ: ಇಳಿಯುವ ತೂಕ ತೀರಾ ಅಲ್ಪ. ಪೂರಕಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಒಂದು ಬಗೆಯ ಕ್ಯಾಟೆಚಿನ್) ಸೇರಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಕುಡಿಯುವುದಾದರೆ ಲೋಟದಲ್ಲೇ ಕುಡಿಯಿರಿ.

ಪ್ರಶ್ನೆ: ಮನೆಯ ಕಷಾಯಪುಡಿ ತಿಂಗಳಲ್ಲೇ ಗಂಟು ಕಟ್ಟುತ್ತದೆ. ಬೆಲ್ಲ ಹಾಕಿದ ಕಷಾಯಕ್ಕೆ ಹಾಲು ಬಿಟ್ಟರೆ ಒಡೆಯುತ್ತದೆ.
– ಓದುಗರು, ಶಿರಸಿ

ಉತ್ತರ: ಬಿಸಿ ಇರುವಾಗಲೇ ಡಬ್ಬಿ ತುಂಬುತ್ತಿದ್ದೀರಿ ಅನಿಸುತ್ತದೆ, ಒಳಗೆ ಬೆವರಿ ಪುಡಿ ಗಂಟಾಗುತ್ತದೆ, ಆಮೇಲೆ ಬೂಷ್ಟು. ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50, ಕಾಳುಮೆಣಸು 10, ಒಣಶುಂಠಿ 10, ಮೆಂತ್ಯ 5. ಶುಂಠಿ ಬಿಟ್ಟು ಉಳಿದವನ್ನು ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿಯಿರಿ. ಮೆಂತ್ಯ ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಿ, ಕೆಂಪು ಮೀರಿದರೆ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಮತ್ತೆ ಆರಿಸಿ ಡಬ್ಬಿಗೆ ಹಾಕಿ. ಒದ್ದೆ ಚಮಚ ಹಾಕಬೇಡಿ. ಮಳೆಗಾಲದಲ್ಲಿ ಅರ್ಧದಷ್ಟೇ ಮಾಡಿ.

ಹಾಲು ಒಡೆಯುವುದು ಬೆಲ್ಲದ ಹುಳಿಗೆ, ಅದೂ ಕುದಿಯುವಾಗ. ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ನಾಲ್ಕೈದು ನಿಮಿಷ ಕುದಿಸಿ, ಬೆಲ್ಲ ಕರಗಿಸಿ, ಒಲೆ ಆರಿಸಿ ಎರಡು ನಿಮಿಷ ಬಿಡಿ. ಬೇರೆ ಪಾತ್ರೆಯಲ್ಲಿ ಕಾಯಿಸಿದ ಹಾಲನ್ನು ಆಮೇಲೆ ಬೆರೆಸಿ. ಹಸಿಶುಂಠಿ ಹಾಕುವವರು ಮೊದಲು ನೀರಿನಲ್ಲೇ ಕುದಿಸಬೇಕು. ಹಾಲು ಒಡೆಯುವ ಕಿಣ್ವ ಅದರಲ್ಲೂ ಇದೆ, ಕುದಿದರೆ ಸಾಯುತ್ತದೆ.

ಪ್ರಶ್ನೆ: ಗಂಟಲಿಗೆಂದು ದಿನವೂ ಜ್ಯೇಷ್ಠಮಧು ಕಷಾಯ ಕುಡಿಯುತ್ತಿದ್ದೇನೆ. ಬಿಪಿ ಮಾತ್ರೆಯೂ ಇದೆ.
– ಓದುಗರು, ಮೈಸೂರು

ಉತ್ತರ: ಈಗಲೇ ನಿಲ್ಲಿಸಿ, ವೈದ್ಯರಿಗೂ ಹೇಳಿ. ಅದರ ಗ್ಲಿಸರೈಜಿನ್ ಮೈಯಲ್ಲಿ ಉಪ್ಪು, ನೀರು ಉಳಿಸಿ, ಪೊಟ್ಯಾಸಿಯಂ ಹೊರಹಾಕಿ ಬಿಪಿ ಏರಿಸುತ್ತದೆ. ಹರ್ಬಲ್ ಟೀ ಪೊಟ್ಟಣದ ಹಿಂಬದಿಯನ್ನೂ ಓದಿ. ಅಲ್ಲಿ ಇದೇ ಬೇರು ಯಷ್ಟಿಮಧು, ಮುಲೇಠಿ, ಲಿಕೋರೈಸ್ ಎಂಬ ಹೆಸರುಗಳಲ್ಲಿ ಇರುತ್ತದೆ.